ರಕ್ತ ಏರಿಸುವಾಗ ಅತ್ತೆಗೆ ಚಳಿ ಹಿಡಿಯಿತು, ಮತ್ತೆ ಹಾಕಿಸಬಹುದಾ?

ಪ್ರಶ್ನೆ: ಡಾಕ್ಟರೇ, ನಾವು ಡೊಂಬಿವಲಿಯಲ್ಲಿದ್ದೇವೆ. ಊರು ಕುಂದಾಪುರದ ಕಡೆ. ನನ್ನ ಅತ್ತೆಗೆ 71 ವರ್ಷ, ನಾಲ್ಕು ಮಕ್ಕಳನ್ನು ಹೆತ್ತವರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಆಮೇಲೆ ಹಿಮೋಗ್ಲೋಬಿನ್ 6.8ಕ್ಕೆ ಇಳಿದಿದೆ ಅಂತ ರಕ್ತ ಹಾಕಿದರು. ಮೊದಲ ಬಾಟ್ಲಿ ತೊಂದರೆ ಇಲ್ಲದೆ ಹೋಯಿತು. ಎರಡನೆಯದು ಶುರುವಾಗಿ ಮುಕ್ಕಾಲು ಗಂಟೆಗೆ ಅತ್ತೆ ಗಡಗಡ ನಡುಗತೊಡಗಿದರು. ಜ್ವರ 101 ದಾಟಿತು. ನರ್ಸ್ ರಕ್ತ ನಿಲ್ಲಿಸಿ, ಚೀಲವನ್ನು ಬ್ಲಡ್ ಬ್ಯಾಂಕಿಗೆ ವಾಪಸ್ ಕಳಿಸಿದರು. ಎರಡು ಗಂಟೆಯಲ್ಲಿ ಜ್ವರ ಇಳಿದು ಅತ್ತೆ ಚಹಾ ಕೇಳಿದರು. ಬ್ಲಡ್ ಬ್ಯಾಂಕಿನವರು ಎಲ್ಲ ಸರಿ ಇದೆ ಅಂದರಂತೆ. ಈಗ ಇನ್ನೊಂದು ಬಾಟ್ಲಿ ಬೇಕು ಅನ್ನುತ್ತಿದ್ದಾರೆ. ತಪ್ಪು ರಕ್ತ ಹಾಕಿದ್ದರಾ? ಅತ್ತೆಯದು ಓ ಪಾಸಿಟಿವ್. ನಮ್ಮ ಯಜಮಾನರದ್ದೂ ಅದೇ. ‘ಹೊರಗಿನವರದ್ದು ಬೇಡ, ಮಗನ ರಕ್ತವೇ ಕೊಡಿ’ ಅಂತ ಊರಿಂದ ದಿನಾ ಫೋನು. ನಮ್ಮ ಭಾವ ಬೇರೆ ‘ಅದು ಬಾಂಬೆ ಗ್ರೂಪ್ ಇರಬಹುದು’ ಅನ್ನುತ್ತಾರೆ. ಏನು ಮಾಡೋಣ?

ಉತ್ತರ: ದೊಡ್ಡ ಹೆದರಿಕೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ನೀವು ಬರೆದದ್ದನ್ನು ನೋಡಿದರೆ ಇದು ತಪ್ಪು ರಕ್ತ ಹೋದ ಹಾಗೆ ಕಾಣುವುದಿಲ್ಲ. ಓ ಗುಂಪಿನವರಿಗೆ ಎ ಅಥವಾ ಬಿ ರಕ್ತ ಮುಕ್ಕಾಲು ಗಂಟೆ ಹೋಗಿದ್ದರೆ, ಎರಡು ಗಂಟೆಯಲ್ಲಿ ಎದ್ದು ಕೂತು ಚಹಾ ಕೇಳುವ ಸ್ಥಿತಿ ಇರುತ್ತಿರಲಿಲ್ಲ. ಇನ್ನೊಂದು ಬಾಟ್ಲಿ ಹಾಕಿಸಬಹುದು. ಆದರೆ ಹಾಕಿಸುವ ಮುಂಚೆ ಕೇಳಬೇಕಾದ ಒಂದೆರಡು ಪ್ರಶ್ನೆ ಇವೆ. ಹಾಕುವಾಗ ನೋಡಿಕೊಳ್ಳಬೇಕಾದ ಸಂಗತಿಗಳೂ ಇವೆ.

ಅತ್ತೆಗೆ ಆದದ್ದು ಬಹುಶಃ ರಕ್ತದ ರಿಯಾಕ್ಷನ್‌ಗಳಲ್ಲೇ ತೀರಾ ಸಾಮಾನ್ಯವಾದ ಜ್ವರದ ರಿಯಾಕ್ಷನ್. ಚೀಲದಲ್ಲಿ ನಮಗೆ ಬೇಕಾದದ್ದು ಕೆಂಪು ಕಣ. ಅದರ ಬೆನ್ನಿಗೆ, ರಕ್ತ ಕೊಟ್ಟವರ ಬಿಳಿ ಕಣಗಳೂ ಒಂದಷ್ಟು ಬಂದಿರುತ್ತವೆ. ಫ್ರಿಜ್ಜಿನಲ್ಲಿ ದಿನ ಕಳೆದ ಹಾಗೆ ಅವು ಸಾಯುತ್ತಾ ಹೋಗುತ್ತವೆ. ಸಾಯುವಾಗ ಜ್ವರ ತರಿಸುವ ರಾಸಾಯನಿಕಗಳನ್ನು ಹೊರಗೆ ಬಿಡುತ್ತವೆ. ಅದು ಒಂದು ದಾರಿ. ಇನ್ನೊಂದು ದಾರಿ ನಿಮ್ಮ ಅತ್ತೆಗೆ ಹೆಚ್ಚು ಹೊಂದುತ್ತದೆ. ಬಸುರಿನಲ್ಲಿ ಮಗುವಿನ ಒಂದಿಷ್ಟು ರಕ್ತಕಣ ತಾಯಿಯ ಮೈಗೆ ಸೇರುತ್ತದೆ. ಮಗುವಿನಲ್ಲಿ ಅಪ್ಪನ ಕಡೆಯ ಗುರುತೂ ಇರುತ್ತದಲ್ಲ, ತಾಯಿಯ ಮೈ ಅದನ್ನು ಹೊರಗಿನದು ಅಂತ ನೋಡಿ ಅದರ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ಕಟ್ಟಿಕೊಳ್ಳುತ್ತದೆ. ನಾಲ್ಕು ಹೆತ್ತವರಿಗೆ ಇಂಥ ಪ್ರತಿಕಾಯ ಇರುವ ಸಾಧ್ಯತೆ ಜಾಸ್ತಿ. ದಶಕಗಳ ನಂತರ ಯಾರದೋ ಬಿಳಿ ಕಣದಲ್ಲಿ ಅಂಥದ್ದೇ ಗುರುತು ಕಂಡರೆ ಮೈ ಕೆರಳುತ್ತದೆ, ಚಳಿಜ್ವರ ಬರುತ್ತದೆ.

ರಕ್ತ ಹೋಗುತ್ತಿರುವಾಗ ಅಥವಾ ಮುಗಿದು 4 ಗಂಟೆಯ ಒಳಗೆ, ಜ್ವರ 38 ಡಿಗ್ರಿ ಸೆಲ್ಸಿಯಸ್ (ಅಂದರೆ 100.4 ಫ್ಯಾರನ್‌ಹೀಟ್) ಮುಟ್ಟಿ, ಮೊದಲಿಗಿಂತ 1 ಡಿಗ್ರಿಯಾದರೂ ಏರಿರಬೇಕು. ಆಗ ಈ ಹೆಸರು ಇಡುತ್ತೇವೆ. ಹಾಗಂತ ಸುಮ್ನೆ ಇಡುವುದಿಲ್ಲ. ಯಾಕೆಂದರೆ ಜೀವ ತೆಗೆಯುವ ರಿಯಾಕ್ಷನ್ ಕೂಡ ಮೊದಲು ಇದೇ ಚಳಿಜ್ವರದ ವೇಷದಲ್ಲಿ ಬರುತ್ತದೆ. ಬಾಗಿಲಲ್ಲಿ ನಿಂತಾಗ ಇಬ್ಬರದ್ದೂ ಒಂದೇ ಮುಖ. ಆದ್ದರಿಂದಲೇ ನಿಮ್ಮ ನರ್ಸ್ ಮಾಡಿದ ಕೆಲಸ ನನಗೆ ಖುಷಿ ಕೊಟ್ಟಿತು. ‘ಸ್ವಲ್ಪ ನಿಧಾನ ಮಾಡೋಣ, ಕಂಬಳಿ ಹೊದಿಸಿ’ ಅಂತ ಮುಂದುವರಿಸುವವರನ್ನು ನಾನು ನೋಡಿದ್ದೇನೆ. ಇವರು ನಿಲ್ಲಿಸಿದರು. ಚೀಲವನ್ನು ಕಸದ ಬುಟ್ಟಿಗೆ ಹಾಕದೆ ವಾಪಸ್ ಕಳಿಸಿದರು. ಅವರಿಗೊಂದು ಥ್ಯಾಂಕ್ಸ್ ಹೇಳಿ.

ವಾಪಸ್ ಬಂದ ಚೀಲದ ಮೇಲೆ ನಮ್ಮಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ‘ಎಲ್ಲ ಸರಿ ಇದೆ’ ಅನ್ನುವ ಮಾತು ಎಲ್ಲಿಂದ ಬಂತು ಅಂತ ಆಗ ತಿಳಿಯುತ್ತದೆ. ಮೊದಲು ಕಾಗದ ನೋಡುತ್ತೇವೆ. ಚೀಲದ ನಂಬರು, ರೋಗಿಯ ಹೆಸರು, ಆಸ್ಪತ್ರೆಯ ರಿಜಿಸ್ಟ್ರೇಷನ್ ನಂಬರು ಒಂದಕ್ಕೊಂದು ತಾಳೆ ಆಗುತ್ತವಾ ಅಂತ. ಆಮೇಲೆ ರೋಗಿಯಿಂದ ಹೊಸದಾಗಿ ತೆಗೆದ ರಕ್ತದ ಸ್ಯಾಂಪಲ್ಲನ್ನು ಮೆಷಿನ್ನಿನಲ್ಲಿ ಗಿರಗಿರ ತಿರುಗಿಸಿ ಮೇಲಿನ ನೀರು ನೋಡುತ್ತೇವೆ. ಅದು ತಿಳಿ ಹಳದಿ ಇರಬೇಕು. ಗುಲಾಬಿ ಅಥವಾ ಕೆಂಪು ಇದ್ದರೆ ಮೈಯೊಳಗೆ ಕಣ ಒಡೆಯುತ್ತಿದೆ ಅಂತ ಅರ್ಥ. ಗುಂಪು ಮತ್ತೆ ನೋಡುತ್ತೇವೆ, ರಕ್ತ ಹಾಕುವ ಮುಂಚಿನ ಸ್ಯಾಂಪಲ್ಲಿನದ್ದೂ, ಆಮೇಲಿನದ್ದೂ, ಚೀಲದ್ದೂ. ಚೀಲದ ರಕ್ತ ರೋಗಿಯ ರಕ್ತಕ್ಕೆ ಒಗ್ಗುತ್ತದಾ ಅಂತ ನೋಡುವ ಕ್ರಾಸ್‌ಮ್ಯಾಚ್ ಇನ್ನೊಮ್ಮೆ. ಕೂಂಬ್ಸ್ ಟೆಸ್ಟ್ ಅಂತ ಒಂದಿದೆ, 1945ರಿಂದ ನಮ್ಮ ಕಸುಬಿನ ಬೆನ್ನೆಲುಬು. ಕೆಂಪು ಕಣದ ಮೈಗೆ ಪ್ರತಿಕಾಯ ಅಂಟಿಕೊಂಡಿದೆಯಾ ಅಂತ ಅದು ಹೇಳುತ್ತದೆ. ಮೂತ್ರವನ್ನೂ ನೋಡುತ್ತೇವೆ. ಇಷ್ಟೆಲ್ಲ ಸರಿ ಬಂದ ಮೇಲೆ ಉಳಿಯುವುದೇ ಈ ಬಡಪಾಯಿ ಜ್ವರದ ರಿಯಾಕ್ಷನ್. ರಿಪೋರ್ಟನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಕಾಗದದಲ್ಲಿ ತೆಗೆದುಕೊಳ್ಳಿ.

ಇನ್ನು ತಪ್ಪು ರಕ್ತದ ವಿಷಯ. ಜನ ಲ್ಯಾಬಿನ ಮೇಲೆ ಅನುಮಾನ ಪಡುತ್ತಾರೆ. ಟೆಸ್ಟ್ ಸರಿ ಮಾಡಿಲ್ಲ, ಗ್ರೂಪ್ ತಪ್ಪು ನೋಡಿದರು ಅಂತ. ಇಂಥ ಅನಾಹುತಗಳಲ್ಲಿ ಹೆಚ್ಚಿನವು ಶುರುವಾಗುವುದು ಮಂಚದ ಪಕ್ಕ. ಒಬ್ಬರ ರಕ್ತ ತೆಗೆದು ಇನ್ನೊಬ್ಬರ ಹೆಸರಿನ ಟ್ಯೂಬಿಗೆ ಹಾಕುವುದು, ಒಬ್ಬರ ಚೀಲ ಇನ್ನೊಬ್ಬರಿಗೆ ಹಚ್ಚುವುದು.

ನಾನಿನ್ನೂ ಕಲಿಯುತ್ತಿದ್ದ ಕಾಲದ ಒಂದು ಸಂಗತಿ. ಮುಂಬಯಿಯ ಒಂದು ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಎರಡು ಮಂಚದ ಅಂತರದಲ್ಲಿ ಇಬ್ಬರು ಶೆಟ್ಟಿ ಅಮ್ಮಂದಿರು ಇದ್ದರು. ನಮ್ಮ ಊರಲ್ಲಿ ಅಂಥದ್ದಕ್ಕೆ ಬರವೇ! ಒಬ್ಬರದ್ದು ಬಿ ಗುಂಪು, ಇನ್ನೊಬ್ಬರದ್ದು ಓ. ಬಿ ಚೀಲ ಹಿಡಿದು ಬಂದ ಹುಡುಗಿ ಓ ಗುಂಪಿನ ಅಮ್ಮನ ಎದುರು ನಿಂತು, ‘ಆಪ್ ಶೆಟ್ಟಿ ಹೈ ನಾ?’ ಅಂತ ಕೇಳಿದಳು. ಅಮ್ಮ ತಲೆಯಾಡಿಸಿದರು. ಆಡಿಸದೆ ಏನು ಮಾಡಿಯಾರು? ಅವರು ಶೆಟ್ಟಿಯೇ ಅಲ್ವಾ. ಅವರಿಗೆ ತುಳು ಚೆನ್ನಾಗಿ, ಕನ್ನಡ ಅಷ್ಟಿಷ್ಟು ಬರುತ್ತಿತ್ತು. ಹಿಂದಿಗೆ, ಮರಾಠಿಗೆ ತಲೆಯಾಡಿಸುವುದೊಂದೇ ಗೊತ್ತು. ಸೂಜಿಗೆ ಪೈಪು ಸಿಕ್ಕಿಸುವ ಮುಂಚೆ ಅವರ ಮಗಳು ಚೀಲದ ಚೀಟಿ ಓದಿದಳು. ‘ಇದು ನಮ್ಮ ನಂಬರ್ ಅಲ್ಲ’ ಅಂದಳು. ಅಷ್ಟೇ. ಒಂದು ಹನಿಯೂ ಹೋಗಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ.

ಯಾಕೆ ಅಂದರೆ, ಓ ಗುಂಪಿನವರ ರಕ್ತದಲ್ಲಿ ಎ ಮತ್ತು ಬಿ ಎರಡರ ವಿರುದ್ಧವೂ ಪ್ರತಿಕಾಯ ಹುಟ್ಟಿನಿಂದಲೇ ಅನ್ನುವಷ್ಟು ಸಹಜವಾಗಿ ಇರುತ್ತದೆ. ಹೊರಗಿನ ಬಿ ಕಣ ಒಳಗೆ ಬಂದರೆ ಅದು ನಾಳೆಗೆ ಕಾಯುವುದಿಲ್ಲ, ನಿಮಿಷಗಳಲ್ಲಿ ಒಡೆಯತೊಡಗುತ್ತದೆ. ಸಣ್ಣ ಲೋಟದಷ್ಟು ರಕ್ತವೂ ಬೇಡ, ಅದಕ್ಕಿಂತ ಕಡಿಮೆಯೇ ಸಾಕು. ಒಡೆದ ಕಣದ ಕೆಂಪು ಬಣ್ಣ ಮೂತ್ರಕ್ಕೆ ಇಳಿಯುತ್ತದೆ. ನಮ್ಮ ಕಡೆಯವರಿಗೆ ಹೇಳುವುದಾದರೆ ಪುನರ್ಪುಳಿ ಪಾನಕದ ಬಣ್ಣ. ಬಿಪಿ ಕುಸಿಯುತ್ತದೆ, ಕಿಡ್ನಿ ನಿಲ್ಲಬಹುದು, ರಕ್ತ ಹೆಪ್ಪುಗಟ್ಟುವ ಲೆಕ್ಕವೇ ತಪ್ಪಿಹೋಗಬಹುದು.

ಆದ್ದರಿಂದ ನಿಮ್ಮಿಂದ ನನಗೆ ಬೇಕಾದದ್ದು ಇಷ್ಟು. ರಕ್ತ ಹಚ್ಚುವ ಮುಂಚೆ ‘ಇವರು ಇಂಥವರೇ ತಾನೇ?’ ಅಂತ ಯಾರಾದರೂ ಕೇಳಿದರೆ ಹೂಂ ಅನ್ನಬೇಡಿ. ‘ಪೇಷಂಟ್ ಹೆಸರು ಏನು ಅಂತ ಅವರನ್ನೇ ಕೇಳಿ’ ಅನ್ನಿ. ಅತ್ತೆ ತಮ್ಮ ಪೂರ್ತಿ ಹೆಸರು ತಮ್ಮ ಬಾಯಿಂದಲೇ ಹೇಳಲಿ. ಕೈಪಟ್ಟಿಯ ನಂಬರು, ಚೀಲದ ಚೀಟಿಯ ನಂಬರು ಇಬ್ಬರು ಸಿಬ್ಬಂದಿ ಸೇರಿ ಓದಿ ತಾಳೆ ನೋಡಬೇಕು. ಅದು ಅವರ ಕೆಲಸ, ಸರಿ. ನೀವೂ ಬಗ್ಗಿ ನೋಡಿ. ಸ್ಯಾಂಪಲ್ ತೆಗೆಯುವಾಗಲೂ ಹಾಗೆಯೇ. ಟ್ಯೂಬಿನ ಮೇಲೆ ಹೆಸರನ್ನು ಮಂಚದ ಪಕ್ಕದಲ್ಲೇ ಬರೆಯಬೇಕು, ನರ್ಸಿಂಗ್ ಟೇಬಲ್ಲಿಗೆ ಹೋಗಿ ಆಮೇಲೆ ಅಲ್ಲ. ಇದನ್ನು ಕೇಳಿದರೆ ಸಿಟ್ಟಾಗುತ್ತಾರೇನೋ ಅಂತ ಸಂಕೋಚ ಬೇಡ. ಒಳ್ಳೆಯ ನರ್ಸ್‌ಗೆ ಇದರಿಂದ ಸಮಾಧಾನವೇ ಆಗುತ್ತದೆ.

ರಕ್ತ ಶುರುವಾದ ಮೊದಲ 15 ನಿಮಿಷ ಯಾರೂ ಫೋನ್ ನೋಡಬೇಡಿ. ಆ ಹೊತ್ತು ರಕ್ತವನ್ನು ನಿಧಾನ ಬಿಡುತ್ತಾರೆ, ಪಕ್ಕದಲ್ಲೇ ಇರುತ್ತಾರೆ. ಕೆಟ್ಟ ರಿಯಾಕ್ಷನ್‌ಗಳಲ್ಲಿ ಬಹಳಷ್ಟು ಆಗಲೇ ತಲೆ ಎತ್ತುತ್ತವೆ. ಚಳಿ, ಎದೆ ಬಿಗಿತ, ಉಸಿರು ಕಟ್ಟಿದ ಹಾಗೆ, ಸೂಜಿ ಚುಚ್ಚಿದ ನರದ ಉದ್ದಕ್ಕೂ ಉರಿ, ಬೆನ್ನಿನ ಕೆಳಗೆ ಹೊಸದಾಗಿ ಶುರುವಾದ ನೋವು. ಹೊಸದಾಗಿ ಅನ್ನುವುದನ್ನು ಗಮನಿಸಿ. ಅತ್ತೆಗೆ ಆಪರೇಷನ್ ಆದ ಸೊಂಟ ಹೇಗೂ ನೋಯುತ್ತಿರುತ್ತದೆ. ರಕ್ತ ಹಚ್ಚುವ ಮುಂಚೆಯೇ ಅವರನ್ನು ಕೇಳಿಟ್ಟುಕೊಳ್ಳಿ, ಎಲ್ಲೆಲ್ಲಿ ನೋವಿದೆ ಅಂತ. ಇನ್ನೊಂದು ಲಕ್ಷಣ ನಮ್ಮ ಪಠ್ಯಪುಸ್ತಕಗಳಲ್ಲೂ ಇದೆ. ರೋಗಿಗೆ ಕಾರಣವಿಲ್ಲದೆ ‘ಏನೋ ಆಗ್ತಿದೆ, ನನಗೇನೋ ಆಗುತ್ತೆ’ ಅನ್ನುವ ಭಯ ಬರುತ್ತದೆ. ಅಮ್ಮಂದಿರು ಅದನ್ನು ‘ಜೀವ ಒಂಥರಾ ಆಗ್ತಿದೆ ಮಗಾ’ ಅಂತ ಹೇಳುತ್ತಾರೆ. ಅದನ್ನು ವಯಸ್ಸಾದವರ ಗೊಣಗಾಟ ಅಂತ ತಳ್ಳಬೇಡಿ. ಬಿಪಿ ಮೆಷಿನ್‌ಗಿಂತ ಮೊದಲೇ ಆ ಮಾತು ಬಂದಿರುತ್ತದೆ.

ಇಲ್ಲಿ ಭಾಷೆಯ ತೊಡಕು ಬರುತ್ತದೆ. ಕುಂದಾಪುರದಿಂದ ಬಂದ ಹಿರಿಯರಿಗೆ ರಾತ್ರಿ ಪಾಳಿಯ ನರ್ಸ್ ಹತ್ತಿರ ಹೇಳಿಕೊಳ್ಳಲು ಮಾತು ಇರುವುದಿಲ್ಲ. ಅತ್ತೆಗೆ ಎರಡೇ ಮರಾಠಿ ಮಾತು ಕಲಿಸಿ. ಚಳಿ ಬಂದರೆ ‘ಥಂಡಿ ವಾಜತೆ’, ನೋವಿದ್ದರೆ ‘ದುಖತೆ’ ಅಂತ ಜಾಗ ತೋರಿಸಲಿ. ಅದೂ ಬೇಡ ಅಂದರೆ ಗಂಟೆ ಒತ್ತುವುದನ್ನು ಕಲಿಸಿ, ಗಂಟೆಯ ವಯರನ್ನು ಅವರ ಕೈಗೇ ಕೊಡಿ. ಗೋಡೆಯ ಮೇಲೆ ನೇತಾಡುವ ಗಂಟೆಯಿಂದ ಏನು ಪ್ರಯೋಜನ?

ಚೀಲ ತರುವ ಕೆಲಸ ನಮ್ಮಲ್ಲಿ ಮನೆಯವರ ಪಾಲಿಗೇ ಬೀಳುವುದುಂಟು. ಆಸ್ಪತ್ರೆಗೆ ಸ್ವಂತ ಬ್ಲಡ್ ಬ್ಯಾಂಕ್ ಇಲ್ಲದಿದ್ದರೆ ಚೀಟಿ ಹಿಡಿದು ಓಡುವವರು ನೀವೇ. (ಕಾನೂನಿನಲ್ಲಿ ಈಗ ಅದರ ಹೆಸರು ಬ್ಲಡ್ ಸೆಂಟರ್ ಅಂತ ಬದಲಾಗಿದೆ. ಜನ ಬದಲಾಯಿಸಿಲ್ಲ, ನಾನೂ ಇಲ್ಲ.) ಕೆಂಪು ಕಣದ ಚೀಲ ನಮ್ಮ ಫ್ರಿಜ್ಜಿನಲ್ಲಿ 2ರಿಂದ 6 ಡಿಗ್ರಿಯಲ್ಲಿ ಕೂತಿರುತ್ತದೆ. ಹೊರಗೆ ಬಂದ ಮೇಲೆ ಅರ್ಧ ಗಂಟೆಯ ಒಳಗೆ ಹಚ್ಚಬೇಕು, ಇಲ್ಲವೇ ತಣ್ಣನೆಯ ಪೆಟ್ಟಿಗೆಯಲ್ಲೇ ಇರಬೇಕು. ಹಚ್ಚಿದ ಮೇಲೆ 4 ಗಂಟೆಯೊಳಗೆ ಮುಗಿಯಬೇಕು. ಒಮ್ಮೆ ಒಬ್ಬ ಹುಡುಗ ಚೀಲವನ್ನು ಮಂಜುಗಡ್ಡೆಯ ನಡುವೆ ಹೂತು ತೆಗೆದುಕೊಂಡು ಹೋದ. ಮೀನು ತರುವ ಹಾಗೆ. ಒಳ್ಳೆಯದಾಗಲಿ ಅಂತಲೇ ಮಾಡಿದ್ದು, ಪಾಪ. ಕೆಂಪು ಕಣ ಹೆಪ್ಪುಗಟ್ಟಿದರೆ ಒಡೆದುಹೋಗುತ್ತದೆ. ಆ ಚೀಲ ಪೂರ್ತಿ ದಂಡವಾಯಿತು. ಐಸಿಗೂ ಚೀಲಕ್ಕೂ ನಡುವೆ ದಪ್ಪ ಬಟ್ಟೆಯೋ ರಟ್ಟೋ ಇರಬೇಕು. ಅದಕ್ಕೆ ತದ್ವಿರುದ್ಧ ಇನ್ನೊಂದು ಅಭ್ಯಾಸವಿದೆ. ರಕ್ತ ತಣ್ಣಗಿದೆ, ಅತ್ತೆಗೆ ಚಳಿ ಆಗುತ್ತೆ ಅಂತ ಚೀಲವನ್ನು ಬಿಸಿನೀರಿಗೆ ಹಾಕುವುದು, ಹೀಟರ್ ಮುಂದೆ ಇಡುವುದು. ದಯವಿಟ್ಟು ಬೇಡ. ಬಿಸಿಗೂ ಕಣ ಒಡೆಯುತ್ತದೆ, ಜತೆಗೆ ಕ್ರಿಮಿ ಬೆಳೆಯುತ್ತದೆ. ನಿಧಾನ ಹೋಗುವ ಒಂದು ಬಾಟ್ಲಿಯನ್ನು ಬಿಸಿ ಮಾಡುವ ಅಗತ್ಯವೇ ಇಲ್ಲ. ಮೇ ತಿಂಗಳಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದು ಎರಡು ಗಂಟೆ ತಡವಾಯಿತೇ? ವಾರ್ಡಿನವರಿಗೆ ಮುಚ್ಚಿಡದೆ ಹೇಳಿ. ನಾವು ಬೈಯುವುದಿಲ್ಲ, ಇನ್ನೊಂದು ಚೀಲ ಹುಡುಕುತ್ತೇವೆ.

ಅತ್ತೆಯ ವಯಸ್ಸಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಜ್ವರ ಅಲ್ಲ, ಉಸಿರು. ವಯಸ್ಸಾದ ಹೃದಯಕ್ಕೆ ಒಮ್ಮೆಲೇ ಜಾಸ್ತಿ ರಕ್ತ ಬಂದರೆ ತಡೆದುಕೊಳ್ಳಲು ಆಗುವುದಿಲ್ಲ. ಬಾವಿಗೆ ನೀರು ಬಂದಷ್ಟು ಪಂಪು ಎತ್ತದಿದ್ದರೆ ಏನಾಗುತ್ತದೋ ಅದೇ. ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಲಗಿದರೆ ಏದುಸಿರು, ಎದ್ದು ಕೂರಬೇಕು ಅನ್ನಿಸುತ್ತದೆ, ಕೆಮ್ಮು, ಬಿಪಿ ಏರುತ್ತದೆ. ರಕ್ತ ಮುಗಿದು ಎಷ್ಟೋ ಗಂಟೆ ಆದಮೇಲೂ ಇದು ಬರಬಹುದು. ಎಲ್ಲರೂ ‘ಮುಗೀತು, ಸದ್ಯ’ ಅಂತ ಕ್ಯಾಂಟೀನಿಗೆ ಹೋದಾಗಲೇ ಬರುತ್ತದೆ. ಅತ್ತೆಗೆ ಹೃದಯದ ತೊಂದರೆ, ಕಿಡ್ನಿ ತೊಂದರೆ, ಕಾಲು ಬಾವು ಏನಾದರೂ ಇದ್ದರೆ ಡಾಕ್ಟರಿಗೆ ಮತ್ತೊಮ್ಮೆ ನೆನಪಿಸಿ. ನಿಧಾನ ಬಿಡುತ್ತಾರೆ. ಬೇಕಿದ್ದರೆ ಮೂತ್ರ ಹೋಗುವ ಇಂಜೆಕ್ಷನ್ ಕೊಡುತ್ತಾರೆ. ಒಂದು ಬಾಟ್ಲಿ ಹಾಕಿ, ನೋಡಿ, ಆಮೇಲೆ ಮುಂದಿನದು. ಒಂದೇ ದಿನ ಎರಡು ಮೂರು ಬೇಡ. ಉಸಿರಿನ ತೊಂದರೆಗೆ ಇನ್ನೊಂದು ಕಾರಣವೂ ಇದೆ. ರಕ್ತ ಕೊಟ್ಟವರ ಪ್ರತಿಕಾಯವೇ ರೋಗಿಯ ಶ್ವಾಸಕೋಶವನ್ನು ಕೆಣಕುವುದು. ಅದು ವಿರಳ, 6 ಗಂಟೆಯೊಳಗೆ ಬರುತ್ತದೆ, ಬಿಪಿ ಇಳಿಯುವುದುಂಟು. ಎರಡನ್ನೂ ಬೇರೆ ಮಾಡಿ ನೋಡುವುದು ಡಾಕ್ಟರ ತಲೆನೋವು. ಉಸಿರು ಸರಿಯಿಲ್ಲ ಅಂತ ಕೂಗುವುದಷ್ಟೇ ನಿಮ್ಮದು.

ಮೈಮೇಲೆ ಪಿತ್ತದ ಗಂಧೆ ಎದ್ದು ತುರಿಸಿದರೆ ಗಾಬರಿ ಬೇಡ. ಅದು ಚೀಲದಲ್ಲಿ ಉಳಿದ ಪ್ಲಾಸ್ಮಾದ (ರಕ್ತದ ನೀರಿನಂಶದ) ಪ್ರೋಟೀನಿಗೆ ಆದ ಅಲರ್ಜಿ. ನಿಲ್ಲಿಸಿ, ಅಲರ್ಜಿಯ ಔಷಧಿ ಕೊಟ್ಟು, ಗಂಧೆ ಇಳಿದ ಮೇಲೆ ಅದೇ ಚೀಲವನ್ನು ಮುಂದುವರಿಸುವುದೂ ಉಂಟು. ಹೀಗೆ ಮುಂದುವರಿಸಬಹುದಾದ ರಿಯಾಕ್ಷನ್ ಇದೊಂದೇ. ಗಂಧೆಯ ಜತೆ ಗಂಟಲು ಕಟ್ಟಿದರೆ, ತುಟಿ ಊದಿದರೆ ಅದು ಬೇರೆ ಲೆಕ್ಕ, ತುರ್ತು.

ಕ್ರಿಮಿ ಸೇರಿದ ರಕ್ತದ ಬಗ್ಗೆಯೂ ಕೇಳುವವರಿದ್ದಾರೆ. ಕೆಂಪು ಕಣದಲ್ಲಿ ಅದು ಅಪರೂಪ, ಚಳಿಯಲ್ಲಿ ಕ್ರಿಮಿ ಬೆಳೆಯುವುದು ಕಷ್ಟ. ಪ್ಲೇಟ್‌ಲೆಟ್ ಚೀಲ ಹಾಗಲ್ಲ. ಅದನ್ನು 20ರಿಂದ 24 ಡಿಗ್ರಿಯಲ್ಲಿ, ಅಲ್ಲಾಡಿಸುತ್ತಾ ಇಡಬೇಕು. ಹಾಗಾಗಿಯೇ ಅದರ ಆಯಸ್ಸು 5 ದಿನ. ಮಳೆಗಾಲದಲ್ಲಿ ಮುಂಬಯಿಯಲ್ಲಿ ಡೆಂಗಿ ಶುರುವಾದಾಗ ‘ಕೌಂಟ್ ಇಳಿದಿದೆ, ಪ್ಲೇಟ್‌ಲೆಟ್ ಹಾಕಿಸಿ’ ಅಂತ ಹಟ ಹಿಡಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ರಕ್ತಸ್ರಾವ ಇಲ್ಲದಿದ್ದರೆ ಡಾಕ್ಟರು ಬೇಡ ಅಂದಾಗ ಬೇಡ ಅಂತಲೇ ಅರ್ಥ.

ಈಗ ನಿಮ್ಮ ಭಾವನ ಬಾಂಬೆ ಗ್ರೂಪ್. ಇದು ನಮ್ಮ ಊರಿನ ಹೆಸರು ಹೊತ್ತ ಗುಂಪು, ಹಾಗಾಗಿ ಎಲ್ಲರಿಗೂ ಇದರ ಮೇಲೆ ಒಂದು ಪ್ರೀತಿ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಇವತ್ತಿಗೂ ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲಿ ರಕ್ತದ ಸಂಶೋಧನೆಗೆಂದೇ ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆ ಇದೆ. ಈ ಗುಂಪು ಹೇಗೆ ಅಂದರೆ, ಎ ಮತ್ತು ಬಿ ಅನ್ನುವುದು ಕೆಂಪು ಕಣದ ಮೇಲೆ ಕಟ್ಟಿದ ಮಾಳಿಗೆ ಅಂದುಕೊಳ್ಳಿ. ಅದರ ಪಾಯಕ್ಕೆ ಎಚ್ ಅಂತ ಹೆಸರು. ಓ ಗುಂಪಿನವರಿಗೆ ಮಾಳಿಗೆ ಇಲ್ಲ, ಪಾಯ ಇದೆ. ಬಾಂಬೆ ಗುಂಪಿನವರಿಗೆ ಪಾಯವೇ ಇಲ್ಲ. ಮಾಮೂಲಿ ಟೆಸ್ಟಿನಲ್ಲಿ ಎ ಇಲ್ಲ, ಬಿ ಇಲ್ಲ ಅಂತ ಮಾತ್ರ ನೋಡಿದರೆ ಅವರೂ ಓ ಅಂತಲೇ ಕಾಣುತ್ತಾರೆ. ಆದರೆ ಅವರ ರಕ್ತದಲ್ಲಿ ಎಚ್ ವಿರುದ್ಧವೇ ಬಲವಾದ ಪ್ರತಿಕಾಯ ಇರುತ್ತದೆ. ಓ ರಕ್ತ ಕೊಟ್ಟರೂ ಒಡೆದು ಹಾಕುತ್ತದೆ. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರು ಹೀಗಿರುತ್ತಾರೆ.

ನಿಮ್ಮ ಭಾವ ಕೇಳಿದ್ದು ದಡ್ಡ ಪ್ರಶ್ನೆ ಅಲ್ಲ. ಉತ್ತರ ಮಾತ್ರ ನಿಮ್ಮ ಪತ್ರದಲ್ಲೇ ಇದೆ. ಅತ್ತೆಗೆ ಮೊದಲ ಓ ಬಾಟ್ಲಿ ಪೂರ್ತಿ ಹೋಗಿದೆ, ಏನೂ ಆಗಿಲ್ಲ. ಬಾಂಬೆ ಗುಂಪಾಗಿದ್ದರೆ ಆಗಲೇ ಅನಾಹುತವಾಗುತ್ತಿತ್ತು. ಅದಕ್ಕೂ ಮೊದಲೇ ಓ ಚೀಲದ ಜತೆ ಕ್ರಾಸ್‌ಮ್ಯಾಚ್ ಮಾಡಿದಾಗಲೇ ಗಂಟು ಗಂಟಾಗಿ ಸಿಕ್ಕಿಬೀಳುತ್ತಿತ್ತು. ಆ ಚಿಂತೆ ಬಿಟ್ಟುಬಿಡಿ.

ಮಗನ ರಕ್ತದ ವಿಷಯಕ್ಕೆ ಬರುತ್ತೇನೆ. ಇದನ್ನು ಊರಿನವರಿಗೆ ಹೇಳುವುದು ಕಷ್ಟ ಅಂತ ನನಗೆ ಗೊತ್ತು. ನಮ್ಮ ಮನೆಯಲ್ಲೇ ಹೇಳಿ ಸೋತಿದ್ದೇನೆ. ‘ಹೊಟ್ಟೆಯಲ್ಲಿ ಹುಟ್ಟಿದವನ ರಕ್ತ, ಅದಕ್ಕಿಂತ ಶುದ್ಧ ಉಂಟಾ?’ ಅನ್ನುತ್ತಾರೆ. ರಕ್ತದ ಲೆಕ್ಕ ಅದಕ್ಕೆ ಉಲ್ಟಾ. ಮಗನ ಬಿಳಿ ಕಣದ ಮೇಲಿನ ಗುರುತುಗಳಲ್ಲಿ ಅರ್ಧ ಅಮ್ಮನದ್ದೇ. ಕೆಲವೊಮ್ಮೆ ಅಮ್ಮನ ಮೈ ಅವನ್ನು ಪರರು ಅಂತ ಗುರುತಿಸುವುದೇ ಇಲ್ಲ. ಹೊರಗಿನವರ ಬಿಳಿ ಕಣವನ್ನಾದರೆ ಕೊಂದುಬಿಡುತ್ತಿತ್ತು, ಇವನ್ನು ನಮ್ಮವರೇ ಅಂತ ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಆ ಕಣಗಳಿಗೆ ಅಮ್ಮನ ಮೈ ಪರಕೀಯವಾಗಿ ಕಾಣುತ್ತದೆ. ಅವು ಅಲ್ಲೇ ಬೆಳೆದು ಚರ್ಮ, ಕರುಳು, ಲಿವರು, ಮೂಳೆಯ ಮಜ್ಜೆಯನ್ನೇ ತಿನ್ನತೊಡಗುತ್ತವೆ. ಇದು ತೀರಾ ಅಪರೂಪ. ಆದರೆ ಒಮ್ಮೆ ಬಂದರೆ ಬದುಕುವವರೂ ತೀರಾ ಅಪರೂಪ. ತಡೆಯುವ ದಾರಿ ಇದೆ. ಚೀಲಕ್ಕೆ ವಿಕಿರಣ (25 ಗ್ರೇ ಅನ್ನುವ ಅಳತೆಯಷ್ಟು) ಕೊಟ್ಟರೆ ಬಿಳಿ ಕಣ ಬೆಳೆಯಲಾರವು. ಬಿಳಿ ಕಣ ಸೋಸುವ ಫಿಲ್ಟರ್ ಒಂದೇ ಇದಕ್ಕೆ ಸಾಲದು. ಯಾರದೋ ರಕ್ತ ಸುಲಭವಾಗಿ ಸಿಗುವಾಗ ಮಗನದ್ದನ್ನೇ ಹಿಡಿದು, ವಿಕಿರಣಕ್ಕೆ ಓಡಿಸಿ ಯಾಕೆ ಕೊಡಬೇಕು?

ಸೊಸೆಯಾದ ನಿಮ್ಮದಕ್ಕೆ ಈ ತೊಂದರೆ ಇಲ್ಲ, ನೀವು ರಕ್ತಸಂಬಂಧಿ ಅಲ್ಲ. (ಇದನ್ನು ಅತ್ತೆಗೆ ಹೇಳುವ ಧಾಟಿ ನಿಮಗೇ ಬಿಟ್ಟದ್ದು.) ಆದರೆ ನಿಮ್ಮ ಹಿಮೋಗ್ಲೋಬಿನ್ 12.5 ಇರಬೇಕು. ನಿಮ್ಮ ಯಜಮಾನರು ಬ್ಲಡ್ ಬ್ಯಾಂಕಿನಲ್ಲಿ ರಕ್ತ ಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಅದು ಬೇರೆ ಯಾರಿಗೋ ಹೋಗುತ್ತದೆ. ಅತ್ತೆಗೆ ಬೇರೆ ಯಾರದ್ದೋ ಬರುತ್ತದೆ. ‘ದುಡ್ಡು ಕೊಟ್ಟರೆ ಯಾರಾದರೂ ಕೊಡುತ್ತಾರೆ’ ಅನ್ನುವ ದಾರಿಗೆ ಮಾತ್ರ ಹೋಗಬೇಡಿ. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಮೇಲೆ 1998ರ ಜನವರಿಯಿಂದ ಅದು ನಿಷೇಧ. ಎಚ್‌ಐವಿ, ಎರಡು ಬಗೆಯ ಹೆಪಟೈಟಿಸ್, ಸಿಫಿಲಿಸ್, ಮಲೇರಿಯಾ, ಇವಿಷ್ಟು ಪರೀಕ್ಷೆ ಎಲ್ಲ ಚೀಲಕ್ಕೂ ಕಡ್ಡಾಯ. ಆದರೂ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಟೆಸ್ಟಿಗೆ ಅದು ಸಿಗದೆ ಇರಬಹುದು. ಹಾಗಾಗಿ ಮನಸ್ಸಿನಿಂದ, ನಿಜ ಹೇಳಿ ಕೊಡುವವರೇ ಬೇಕು.

ಇನ್ನೊಂದು ಬಾಟ್ಲಿ ನಿಜವಾಗಿ ಬೇಕಾ? ಇದನ್ನು ಡಾಕ್ಟರಲ್ಲಿ ಕೇಳಿ. ಕೇಳುವುದರಲ್ಲಿ ಅಗೌರವ ಏನೂ ಇಲ್ಲ. ಒಂದು ಬಾಟ್ಲಿ ಹೋದರೆ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರುತ್ತದೆ. ಸ್ಥಿರವಾಗಿರುವ ರೋಗಿಗೆ 7ರ ಕೆಳಗೆ ಇಳಿದರೆ ಹಾಕುತ್ತೇವೆ. ಮೂಳೆಯ ಆಪರೇಷನ್ ಆದವರಿಗೆ, ಹೃದಯದ ತೊಂದರೆ ಇದ್ದವರಿಗೆ 8ರ ಗೆರೆ ಇಟ್ಟುಕೊಳ್ಳುತ್ತೇವೆ. ಅತ್ತೆಗೆ ಒಂದು ಪೂರ್ತಿ, ಎರಡನೆಯದರಲ್ಲಿ ಸ್ವಲ್ಪ ಹೋಗಿದೆ. ಈಗ ಎಷ್ಟಿದೆ ಅಂತ ಹೊಸ ರಿಪೋರ್ಟ್ ನೋಡಿ. 8.5 ಇದ್ದು, ತಲೆಸುತ್ತು ಇಲ್ಲದೆ, ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಿದ್ದರೆ, ಕಬ್ಬಿಣದ ಇಂಜೆಕ್ಷನ್ ಸಾಕಾಗುತ್ತದಾ ಅಂತ ಕೇಳಬಹುದು. 7ರ ಸುತ್ತ ಇದ್ದು ಸುಸ್ತು, ಎದೆಬಡಿತ ಇದ್ದರೆ ತಡ ಮಾಡದೆ ಹಾಕಿಸಿ. ರಕ್ತ ಕೊಡುವುದೇ ನನ್ನ ಕಸುಬು, ಆದರೂ ಹೇಳುತ್ತೇನೆ: ಬೇಡದ ಬಾಟ್ಲಿಯನ್ನು ಹಾಕದೆ ಇರುವುದಕ್ಕಿಂತ ಒಳ್ಳೆಯ ರಿಯಾಕ್ಷನ್ ತಡೆ ಇನ್ನೊಂದಿಲ್ಲ.

ಹಾಕುವುದು ಅಂತ ಆದರೆ ‘ಲ್ಯೂಕೋರಿಡ್ಯೂಸ್ಡ್’ ಚೀಲ ಸಿಗುತ್ತದಾ ಅಂತ ಬ್ಲಡ್ ಬ್ಯಾಂಕಿನಲ್ಲಿ ಕೇಳಿ. ಬಿಳಿ ಕಣ ಸೋಸಿ ತೆಗೆದದ್ದು ಅಂತ ಅರ್ಥ. ಫ್ರಿಜ್ಜಿಗೆ ಇಡುವ ಮುಂಚೆಯೇ ಸೋಸಿದ್ದರೆ ಇನ್ನೂ ಒಳ್ಳೆಯದು. ಇಟ್ಟ ಮೇಲೆ ಸೋಸಿದರೆ ಬಿಳಿ ಕಣ ಹೋಗಬಹುದು, ಅವು ಅಷ್ಟರಲ್ಲಿ ಬಿಟ್ಟ ರಾಸಾಯನಿಕ ಉಳಿದಿರುತ್ತದೆ. ದರ ಸ್ವಲ್ಪ ಜಾಸ್ತಿ. ಒಮ್ಮೆ ಜ್ವರ ಬಂದವರಿಗೆಲ್ಲ ಮತ್ತೆ ಬರುತ್ತದೆ ಅಂತೇನಿಲ್ಲ, ಎಷ್ಟೋ ಜನರಿಗೆ ಮುಂದಿನ ಬಾಟ್ಲಿ ಸುಸೂತ್ರವಾಗಿ ಹೋಗುತ್ತದೆ. ರಕ್ತಕ್ಕೆ ಮುಂಚೆ ಕಣ್ಣು ಮುಚ್ಚಿ ಎಲ್ಲರಿಗೂ ಏವಿಲ್ (ಅಲರ್ಜಿಯ ಇಂಜೆಕ್ಷನ್), ಸ್ಟೀರಾಯ್ಡ್ ಚುಚ್ಚುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ಜ್ವರದ ರಿಯಾಕ್ಷನ್ ಅದರಿಂದ ನಿಲ್ಲುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಅತ್ತೆಯಂಥ ಹಿರಿಯರಿಗೆ ಏವಿಲ್‌ನಿಂದ ನಿದ್ದೆಗಣ್ಣು ಬಂದು, ಹೇಳಬೇಕಾದದ್ದನ್ನು ಹೇಳದೆ ಮಲಗಿಬಿಡುತ್ತಾರೆ. ನನಗೆ ಅದು ಇಷ್ಟವಿಲ್ಲ.

ಮನೆಗೆ ಕರೆದುಕೊಂಡು ಬಂದ ಮೇಲೂ ಎರಡು ವಾರ ಕಣ್ಣಿಟ್ಟಿರಿ. ನಾಲ್ಕು ಹೆತ್ತ ತಾಯಿ ಅಂದೆನಲ್ಲ, ಕೆಂಪು ಕಣದ ವಿರುದ್ಧವೂ ಹಳೆಯ ಪ್ರತಿಕಾಯ ಇರಬಹುದು. ವರ್ಷ ಕಳೆದ ಹಾಗೆ ಅದು ಟೆಸ್ಟಿಗೆ ಕಾಣದಷ್ಟು ಕರಗಿರುತ್ತದೆ. ಹೊಸ ರಕ್ತ ಹೋದ ಮೇಲೆ ಹಳೆಯ ಜಗಳ ನೆನಪಾಗಿ ಮತ್ತೆ ಏಳುತ್ತದೆ. ಸಾಮಾನ್ಯವಾಗಿ 3ರಿಂದ 14 ದಿನದೊಳಗೆ ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಸಣ್ಣ ಜ್ವರ, ಏರಿದ್ದ ಹಿಮೋಗ್ಲೋಬಿನ್ ಸುಮ್ನೆ ಇಳಿಯುವುದು. ಇದನ್ನು ಕಾಮಾಲೆ ಅಂತ ಊರ ಮದ್ದಿಗೆ ಹೋಗಬೇಡಿ, ಆಸ್ಪತ್ರೆಗೇ ಬನ್ನಿ. ಮುಂದಿನ ಬಾಟ್ಲಿಗೆ ಹೊಸ ಸ್ಯಾಂಪಲ್ ಕೊಡುವಾಗ ಆಂಟಿಬಾಡಿ ಸ್ಕ್ರೀನಿಂಗ್ ಮಾಡುತ್ತಾರಾ ಅಂತಲೂ ವಿಚಾರಿಸಿ.

ಡಿಸ್ಚಾರ್ಜ್ ಕಾಗದದಲ್ಲಿ ‘ಇಂಥ ದಿನ ರಕ್ತಕ್ಕೆ ಜ್ವರದ ರಿಯಾಕ್ಷನ್’ ಅಂತ ಬರೆಸಿಕೊಳ್ಳಿ. ಊರಿಗೆ ಹೋದಾಗ ಕುಂದಾಪುರದ ಡಾಕ್ಟರಿಗೂ ಅದು ಬೇಕು. ರಿಯಾಕ್ಷನ್ನಿನ ಫಾರಂ ತುಂಬಿದ್ದಾರಾ ಅಂತ ಬ್ಲಡ್ ಬ್ಯಾಂಕಿನಲ್ಲೂ ಕೇಳಬಹುದು. 2012ರ ಡಿಸೆಂಬರ್ 10ರಿಂದ ದೇಶದಲ್ಲಿ ಹೀಮೋವಿಜಿಲೆನ್ಸ್ ಅನ್ನುವ ಕಾರ್ಯಕ್ರಮ ನಡೆಯುತ್ತಿದೆ. ಇಂಥ ಸಂಗತಿಗಳನ್ನೆಲ್ಲ ಒಟ್ಟು ಮಾಡಿ ಎಲ್ಲಿ ತಪ್ಪುತ್ತಿದೆ ಅಂತ ನೋಡುವುದು ಅದರ ಕೆಲಸ. ಅದು ಯಾರ ಮೇಲೂ ದೂರು ಅಲ್ಲ, ನರ್ಸ್‌ಗೆ ಅದರಿಂದ ತೊಂದರೆ ಆಗುವುದಿಲ್ಲ.

ಕೊನೆಗೊಂದು ಮಾತು. ತುರ್ತು ಇಲ್ಲದಿದ್ದರೆ ರಾತ್ರಿ ಹಾಕಿಸಬೇಡಿ. ರಾತ್ರಿ ವಾರ್ಡಿನಲ್ಲಿ ಕಣ್ಣುಗಳು ಕಡಿಮೆ, ದೀಪವೂ ಮಂದ. ಬೆಳಿಗ್ಗೆ ರೌಂಡ್ಸ್ ಮುಗಿದ ಮೇಲೆ ಶುರು ಮಾಡಲು ಕೇಳಿ. ನಿಮ್ಮ ಯಜಮಾನರು ಅವತ್ತು ಅರ್ಧ ದಿನ ರಜೆ ಹಾಕಿ ಅತ್ತೆಯ ಪಕ್ಕ ಕೂರಲಿ. ಅಮ್ಮ ಕುಂದಾಪುರದ ಕನ್ನಡದಲ್ಲಿ ಏನು ಗೊಣಗಿದರೂ ಅರ್ಥವಾಗುವವರು ಒಬ್ಬರು ಅಲ್ಲಿರಬೇಕು.